ಹಿಂದಿನ ಬಾಗಿಲಿಗೆ ಬೀಗ

ಮೊನ್ನೆ ಫ್ರಿಜ್ಜಿನ ಬಾಗಿಲು ತೆಗೆದೆ, ಹುಳಿ ವಾಸನೆ ಮುಖಕ್ಕೆ ಬಡಿಯಿತು. ಶಿವಮೊಗ್ಗದ ಆಲ್ಕೊಳ ಸರ್ಕಲ್ ಹತ್ತಿರದ ಅಂಗಡಿಯಿಂದ ತಂದಿಟ್ಟಿದ್ದ ದೋಸೆ ಹಿಟ್ಟಿನ ಪ್ಯಾಕೆಟ್ ಉಬ್ಬಿ, ಮೂಲೆಯಲ್ಲಿ ಒಡೆದು, ಕೆಳಗಿದ್ದ ಕೊತ್ತಂಬರಿ ಸೊಪ್ಪಿನ ಮೇಲೆಲ್ಲ ಸುರಿದಿತ್ತು. ಬೈದುಕೊಳ್ಳುತ್ತಾ ಒರೆಸಲು ಕೂತೆ. ಉದ್ದು ಹುದುಗಿದ ವಾಸನೆ, ಅದರ ಹಿಂದೆ ಎಲ್ಲೋ ಒಂದಿಷ್ಟು ಮೆಂತ್ಯ... ಒರೆಸುವ ಬಟ್ಟೆ ಕೈಯಲ್ಲೇ ಉಳಿಯಿತು. ಭದ್ರಾವತಿಯ ನಮ್ಮ ಕ್ವಾರ್ಟರ್ಸಿನ ಹಿಂದಿನ ಸಂದಿಯಲ್ಲಿ, ಬಟ್ಟೆ ಮುಚ್ಚಿದ ತಪ್ಪಲೆ ಹಿಡಿದುಕೊಂಡು ನಿಂತಿದ್ದ ದಿನಗಳು ನೆನಪಾದವು.

ಪ್ಯಾಕೆಟ್ಟನ್ನು ತಿರುಗಿಸಿ ನೋಡಿದೆ. ಅದರ ಮೇಲೊಬ್ಬಳು ಅಜ್ಜಿ. ಕಚ್ಚೆ ಸೀರೆ, ಹಣೆ ತುಂಬ ಕುಂಕುಮ, ಮುಂದೊಂದು ರುಬ್ಬುವ ಕಲ್ಲು. ಪಕ್ಕದಲ್ಲಿ ‘ಮಡಿಯ ಮನೆಯ ರುಚಿ’ ಎಂದು ಅಚ್ಚಾಗಿತ್ತು. ಯಾವುದೋ ಶೆಡ್ಡಿನಲ್ಲಿ ಯಂತ್ರ ರುಬ್ಬಿ, ಯಂತ್ರವೇ ತುಂಬಿಸಿದ ಹಿಟ್ಟಿಗೆ ಎಲ್ಲಿಯ ಮಡಿ, ಎಲ್ಲಿಯ ಅಜ್ಜಿ? ಕೊತ್ತಂಬರಿ ಹಾಳಾಗಿದ್ದಕ್ಕೆ ಬಂದ ಸಿಟ್ಟಿಗಿಂತ ಆ ಚಿತ್ರ ನೋಡಿ ಬಂದ ಸಿಟ್ಟೇ ಹೆಚ್ಚು. ಆ ಜಾಗದಲ್ಲಿ ಇರಬೇಕಾಗಿದ್ದ ಮುಖ ಯಾರದೆಂದು ನನಗೆ ಗೊತ್ತಿತ್ತು.

ಆಕೆಯನ್ನು ನಾವೆಲ್ಲ ಹಿಟ್ಟಿನಕ್ಕ ಎನ್ನುತ್ತಿದ್ದೆವು. ನಮ್ಮ ಸಾಲಿನ ಕೊನೆಯ ಮನೆ. ಕಾರ್ಖಾನೆ ಶುರುವಾದ ಕಾಲದಲ್ಲಿ ಕೆಲಸಕ್ಕೆಂದು ಬಂದು ಇಲ್ಲಿಯವರೇ ಆಗಿಹೋದ ತಮಿಳು ಮನೆತನ. ಮೂಗಿನ ಎರಡೂ ಬದಿಗೆ ಬೊಟ್ಟು, ಎತ್ತಿ ಕಟ್ಟಿದ ಸೀರೆ, ಮೊಣಕೈವರೆಗೆ ಒಣಗಿ ಬಿಳಿಚಿದ ಹಿಟ್ಟು. ಮೆಲ್ಲಗೆ ಮಾತಾಡುವುದು ಆಕೆಯ ಜಾಯಮಾನದಲ್ಲೇ ಇರಲಿಲ್ಲ. ಗ್ರೈಂಡರಿನ ಗದ್ದಲದ ಮೇಲೆ ಮಾತಾಡಿ ಮಾತಾಡಿ, ಗ್ರೈಂಡರ್ ನಿಂತಾಗಲೂ ಅದೇ ದನಿ. ಗಂಡನ ಕಾಂಟ್ರ್ಯಾಕ್ಟ್ ಕೆಲಸ ಹೋದಮೇಲೆ ಆ ಮನೆಯ ಒಲೆ ಉರಿಯುತ್ತಿದ್ದದ್ದು ಮುಂದಿನ ಕೋಣೆಯಲ್ಲಿದ್ದ ಆ ಕಲ್ಲಿನ ಗ್ರೈಂಡರಿನಿಂದ.

ನಾನಾಗ ಪಿಯುಸಿ. ಅರ್ಥಶಾಸ್ತ್ರದಲ್ಲಿ ಬೇಡಿಕೆಯ ಪಾಠ ನಡೆಯುತ್ತಿತ್ತು. ಜನ ಒಂದು ವಸ್ತುವನ್ನು ಹೆಚ್ಚು ಕೊಳ್ಳುವುದಕ್ಕೂ ಕಡಿಮೆ ಕೊಳ್ಳುವುದಕ್ಕೂ ಅದರ ಬೆಲೆಯೊಂದೇ ಕಾರಣವಲ್ಲ. ಕೊಳ್ಳುವವರ ಆದಾಯ, ಬದಲಿ ವಸ್ತುವಿನ ಬೆಲೆ, ನಾಳೆ ಏನಾದೀತೆಂಬ ನಿರೀಕ್ಷೆ, ಎಷ್ಟು ಜನ ಕೊಳ್ಳುತ್ತಾರೆ ಎಂಬುದು, ಅಭಿರುಚಿ... ಹೀಗೆ ಪುಸ್ತಕ ಹೇಳುತ್ತಾ ಹೋಗುತ್ತಿತ್ತು. ಪ್ರತಿ ಮಾತಿಗೂ ಮುಂಚೆ ‘ಇತರ ಅಂಶಗಳು ಸ್ಥಿರವಾಗಿದ್ದಾಗ’ ಎಂಬ ಒಕ್ಕಣೆ. ನನಗೆ ನಗು ಬರುತ್ತಿತ್ತು. ಭದ್ರಾವತಿಯಲ್ಲಿ ಯಾವ ಅಂಶ ಸ್ಥಿರವಾಗಿತ್ತು? ಕೆಲಸ ಸ್ಥಿರವಿರಲಿಲ್ಲ, ಕರೆಂಟು ಸ್ಥಿರವಿರಲಿಲ್ಲ, ಕಾರ್ಖಾನೆಯ ಸೈರನ್ ನಾಳೆಯೂ ಕೂಗುತ್ತದೆಂಬ ನಂಬಿಕೆಯೂ ಸ್ಥಿರವಿರಲಿಲ್ಲ.

ಊರಿನ ಕೈಯಲ್ಲಿ ದುಡ್ಡು ಓಡಾಡುತ್ತಿದ್ದಾಗ ಜನ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಟೆಲಿಗೆ ಹೋಗಿ ಮಸಾಲೆದೋಸೆ ತಿನ್ನುತ್ತಿದ್ದರು. ಕೈ ಬಿಗಿಯಾದಾಗ ಹೋಟೆಲಿನ ಬೆಂಚು ಖಾಲಿ, ಅಕ್ಕನ ಮುಂದೆ ಪಾತ್ರೆಗಳ ಸಾಲು. ಜನರ ಆದಾಯ ಇಳಿದಾಗ ಬೇಡಿಕೆ ಏರುವ ಇಂಥ ವಸ್ತುವಿಗೆ ನಮ್ಮ ಪುಸ್ತಕ ‘ನಿಕೃಷ್ಟ ಸರಕು’ ಎಂದು ಹೆಸರಿಟ್ಟಿತ್ತು. ಓದಿ ಮೈ ಉರಿಯಿತು. ಮಕ್ಕಳಿಗೆ ಭಾನುವಾರ ದೋಸೆ ತಪ್ಪದಿರಲಿ ಎಂದು ಹಿಟ್ಟು ಒಯ್ಯುವ ತಾಯಂದಿರ ಪಾತ್ರೆಯಲ್ಲಿ ನಿಕೃಷ್ಟವಾದದ್ದು ಏನಿತ್ತು? ಈಗ ಅದೇ ಪಾಠವನ್ನು ಶಿವಮೊಗ್ಗದ ಕಾಲೇಜೊಂದರಲ್ಲಿ ನಾನೇ ಮಾಡುತ್ತೇನೆ. ಆ ಪದ ಬಂದಾಗ ಇವತ್ತಿಗೂ ಚಾಕ್‌ಪೀಸ್ ಕೆಳಗಿಟ್ಟು ಒಂದು ಜಗಳ ಆಡಿಯೇ ಮುಂದಕ್ಕೆ ಹೋಗುವುದು.

‘ನಾಳೆ ಇಡೀ ದಿನ ಕರೆಂಟಿಲ್ವಂತೆ’ ಎಂದು ಯಾರೋ ಒಬ್ಬರು ಅಂದರೆ ಸಾಕು, ನಾಳೆ ಗ್ರೈಂಡರ್ ತಿರುಗುವುದಿಲ್ಲವೆಂದು ಸಂಜೆಯೊಳಗೆ ಅಕ್ಕನ ಮನೆ ಮುಂದೆ ಜಾತ್ರೆ. ಎಷ್ಟೋ ಸಲ ಮರುದಿನ ಕರೆಂಟು ಹೋಗುತ್ತಲೂ ಇರಲಿಲ್ಲ. ‘ಹೋಗ್ದಿದ್ರೇನಂತೆ, ಹೋಗುತ್ತೆ ಅಂದ್ಕೊಂಡ್ರಲ್ಲ, ನಮಗಷ್ಟೇ ಸಾಕು’ ಎಂದು ಆಕೆ ನಗುತ್ತಿದ್ದಳು.

ಆದರೆ ಈ ಜಾತ್ರೆಯಲ್ಲಿ ನಮ್ಮ ಸಾಲಿನವರು ಒಬ್ಬರೂ ಇರುತ್ತಿರಲಿಲ್ಲ. ಅಕ್ಕನ ಮನೆ ಬಿಟ್ಟರೆ ನಮ್ಮ ಸಾಲಿನಲ್ಲಿ ಇದ್ದವರೆಂದರೆ ಮೇಷ್ಟ್ರುಗಳು, ಆಫೀಸಿನವರು, ಒಳಬಾಡಿಗೆಗೆ ಇದ್ದ ಒಬ್ಬರು ಬಟ್ಟೆ ಅಂಗಡಿ ಸಾಹುಕಾರರು. ಮಡಿ ಮೈಲಿಗೆ ನೋಡುವ ಮನೆಗಳು. ಬೇರೆಯವರ ಮನೆಯಲ್ಲಿ ನೆನೆಸಿ, ಬೇರೆಯವರ ಕೈ ಅದ್ದಿ ರುಬ್ಬಿದ ಹಿಟ್ಟು ಮುಸುರೆ. ಅದನ್ನು ಒಳಗೆ ತರುವುದುಂಟೆ? ಮುಂದಿನ ರಸ್ತೆಯಲ್ಲಿ ನಿಂತು ನೋಡಿದವರಿಗೆ ನಮ್ಮ ಸಾಲಿನಲ್ಲಿ ಅಕ್ಕನ ಹಿಟ್ಟಿಗೆ ಬೇಡಿಕೆ ಸೊನ್ನೆ.

ಹಿಂದಿನ ಸಂದಿಯಲ್ಲಿ ಬೇರೆಯೇ ಕಥೆ.

ಶನಿವಾರ ರಾತ್ರಿ ನಮ್ಮಂಥ ಮನೆಗಳಲ್ಲಿ ಹಿರಿಯರು ಅನ್ನ ಉಣ್ಣುವುದಿಲ್ಲ, ತಿಂಡಿಯೇ ಆಗಬೇಕು. ನಮ್ಮ ಮನೆಯಲ್ಲಿ ಅಜ್ಜಿಗೆ, ಎಂದರೆ ಅಪ್ಪನ ತಾಯಿಗೆ, ದೋಸೆಯೇ ಆಗಬೇಕು. ವರ್ಷಗಟ್ಟಲೆ ಕಲ್ಲಿನಲ್ಲಿ ರುಬ್ಬಿ ರುಬ್ಬಿ ಅಮ್ಮನ ಬಲಭುಜ ಹಿಡಿದುಕೊಂಡಿತ್ತು. ಕೈ ಎತ್ತಿ ತಲೆ ಬಾಚಿಕೊಳ್ಳಲೂ ಆಗದ ಸ್ಥಿತಿ. ಅದಕ್ಕೇ ಶನಿವಾರ ಸಂಜೆ ಅಮ್ಮ ತಪ್ಪಲೆಗೆ ಬಟ್ಟೆ ಮುಚ್ಚಿ ನನ್ನ ಕೈಗೆ ಕೊಟ್ಟು ಹಿಂದಿನ ಬಾಗಿಲಿನಿಂದ ಕಳಿಸುತ್ತಿದ್ದಳು. ಹಿಂದಿನ ದಿನವೇ ರುಬ್ಬುವ ಕಲ್ಲಿಗೆ ಒಂದು ಹಿಡಿ ಅಕ್ಕಿ ಹಾಕಿ ಎಡಗೈಯಲ್ಲಿ ಸುಮ್ಮನೆ ಗುಂಡು ತಿರುಗಿಸಿರುತ್ತಿದ್ದಳು. ವರಾಂಡದಲ್ಲಿ ಜಪ ಮಾಡುತ್ತಿದ್ದ ಅಜ್ಜಿಯ ಕಿವಿಗೆ ಗುಡುಗುಡು ಸದ್ದು ಬಿದ್ದರಾಯಿತು, ಹಿಟ್ಟು ಮನೆಯದೇ!

ಸಂದಿಯಲ್ಲಿ ನಾನೊಬ್ಬಳೇ ಇರುತ್ತಿರಲಿಲ್ಲ. ಮೇಷ್ಟ್ರ ಹೆಂಡತಿ ಬಾಳೆಲೆ ಮುಚ್ಚಿದ ಪಾತ್ರೆ ಹಿಡಿದು ಬರುತ್ತಿದ್ದರು. ಸಾಹುಕಾರರ ಸೊಸೆಯ ಪಾತ್ರೆ ಸೆರಗಿನ ಒಳಗೆ. ಎದುರು ಮನೆಯವರದು ತರಕಾರಿ ಚೀಲದಲ್ಲಿ. ಎದುರಾಬದುರಾದಾಗ ಎಲ್ಲರೂ ಹೇಳುತ್ತಿದ್ದದ್ದು ಒಂದೇ ಮಾತು: ನುಗ್ಗೆಸೊಪ್ಪು ಕೀಳೋಕೆ ಬಂದೆ. ಸಂದಿಯಲ್ಲಿ ಇದ್ದದ್ದು ಒಂದೇ ಒಂದು ಬಡಕಲು ನುಗ್ಗೆ ಮರ. ಇವರೆಲ್ಲ ಕಿತ್ತ ಸೊಪ್ಪು ನಿಜವಾಗಿದ್ದರೆ ಸಕ್ರೆಬೈಲು ಬಿಡಾರದ ಆನೆಗಳಿಗೂ ಹಾಕಿ ಮಿಗುತ್ತಿತ್ತು. ಒಬ್ಬರ ಗುಟ್ಟು ಒಬ್ಬರಿಗೆ ಗೊತ್ತು, ಆದರೂ ಪ್ರತಿಯೊಬ್ಬರೂ ತಮ್ಮ ಗುಟ್ಟು ಭದ್ರವಾಗಿದೆ ಎಂದುಕೊಂಡಿದ್ದರು.

ಅಕ್ಕನಿಗೆ ಮೊದಮೊದಲು ಇದು ತಮಾಷೆ. ‘ಏನ್ ಕಣ್ಣು, ಚಿನ್ನ ಸಾಗಿಸ್ತಾ ಇದೀಯಾ?’ ಎಂದು ತಮಿಳಿನ ಮುದ್ದಿನ ಮಾತಿನಲ್ಲಿ ಕರೆದು, ತಪ್ಪಲೆಯ ಬಟ್ಟೆ ಎತ್ತಿ ಇಣುಕುತ್ತಿದ್ದಳು. ಒಂದು ಸೌಟು ಹೆಚ್ಚೇ ಹಾಕುತ್ತಿದ್ದಳು. ಬಟ್ಟೆಯನ್ನು ಮತ್ತೆ ಮುಚ್ಚುವಾಗ ಮಾತ್ರ ಆ ನಗು ಇರುತ್ತಿರಲಿಲ್ಲ... ಅದನ್ನು ನಾನು ಗಮನಿಸಿದ್ದೆ.

ಒಂದು ದಿನ ಬೆಳಿಗ್ಗೆ ಬೀದಿ ನಲ್ಲಿಯ ಹತ್ತಿರ ಆ ತಮಾಷೆ ಮುಗಿಯಿತು. ನೀರಿಗೆ ಎಲ್ಲರೂ ನಿಂತಿದ್ದೆವು. ಯಾರ ಮನೆಗೋ ನೆಂಟರಾಗಿ ಬಂದಿದ್ದ ಒಬ್ಬರು, ಇಲ್ಲಿ ದೋಸೆ ಹಿಟ್ಟು ಸಿಗುತ್ತದಂತೆ, ಹೇಗಿರುತ್ತದೆ ಎಂದು ಕೇಳಿದರು. ಎದುರು ಮನೆಯವರು, ಅದೇ ತರಕಾರಿ ಚೀಲದವರು, ಕೊಡ ಒಂದಿಷ್ಟು ಆಚೆ ಸರಿಸಿಕೊಂಡು, ‘ನಮಗೇನ್ ಗೊತ್ರೀ? ನಮ್ಮಗಳ ಮನೇಲಿ ಅಂಥಾ ಕೈಯಿನ ಹಿಟ್ಟೆಲ್ಲ ಸೇರೋದಿಲ್ಲಪ್ಪ’ ಎಂದರು. ಅಕ್ಕ ಅವರ ಬೆನ್ನ ಹಿಂದೆಯೇ ನಿಂತಿದ್ದಳು. ಹಿಂದಿನ ಶನಿವಾರವಷ್ಟೇ ಆ ಚೀಲದ ಪಾತ್ರೆಗೆ ಹಿಟ್ಟು ಸುರಿದಿದ್ದ ಕೈ ಅವಳದು. ಜಗಳ ಆಗುತ್ತದೆ ಎಂದುಕೊಂಡೆ. ಅಕ್ಕ ಕೊಡ ತುಂಬಿಸಿಕೊಂಡು ಸೊಂಟಕ್ಕೇರಿಸಿ ಹೊರಟುಹೋದಳು.

ಆ ಶನಿವಾರ ಸಂಜೆ ನಾನು ಸಂದಿಗೆ ಹೋದರೆ ಹಿಂದಿನ ಬಾಗಿಲಿಗೆ ಬೀಗ. ಅಂಗೈಯಗಲದ ಕಬ್ಬಿಣದ ಬೀಗ. ನುಗ್ಗೆ ಮರದ ಕೆಳಗೆ ಮೂರ್ನಾಲ್ಕು ಹೆಂಗಸರು, ಪಾತ್ರೆಗಳನ್ನು ಮರೆಮಾಡಿಕೊಂಡು, ಇಲ್ಲದ ಸೊಪ್ಪಿಗೆ ಕೈ ಚಾಚಿದ್ದರು. ಒಳಗಿನಿಂದ ಅಕ್ಕನ ದನಿ ಗೋಡೆ ದಾಟಿ ಬಂತು: ‘ಹಿಟ್ಟು ಬೇಕಾದೋರು ಮುಂದ್ಗಡೆ ಬನ್ನಿಮ್ಮಾ! ಹಿಂದ್ಗಡೆ ಇನ್ಮೇಲೆ ಕೊಡಲ್ಲ!’

ಒಬ್ಬೊಬ್ಬರಾಗಿ ಕರಗಿದರು. ಯಾರೂ ಮುಂದಿನ ರಸ್ತೆಗೆ ಹೋಗಲಿಲ್ಲ, ಮನೆಗಳಿಗೆ ಹೋದರು. ನಾನು ಮಾತ್ರ ಸುತ್ತಿ ಬಳಸಿ ಮುಂದಿನಿಂದ ಇಣುಕಿದೆ. ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದ ಡಬರಿಗಳಲ್ಲಿ ಹಿಟ್ಟು ಉಬ್ಬಿ ಅಂಚಿಗೆ ಬಂದಿತ್ತು. ಶನಿವಾರದ ವ್ಯಾಪಾರಕ್ಕೆಂದು ಆ ವಾರದ ಅಕ್ಕಿ, ಉದ್ದು ಪೂರ್ತಿ ಹಾಕಿ ರುಬ್ಬಿದ್ದಳು. ಅವಳ ವಾರದ ದೊಡ್ಡ ಗಿರಾಕಿ ನಾವೇ, ಸಂದಿಯವರು. ಅದು ಖರ್ಚಾಗದಿದ್ದರೆ ಮುಂದಿನ ವಾರ ನೆನೆಸಲು ಮನೆಯಲ್ಲಿ ಕಾಳು ಇರಲಿಲ್ಲ.

ಗಂಡ ಒಳಗಿನಿಂದ ಬಂದು ಮೆತ್ತಗೆ ಹೇಳುತ್ತಿದ್ದ: ‘ಬೀಗ ತೆಗಿಯೇ. ಹಟ ಮಾಡ್ಬೇಡ. ಹಿಟ್ಟು ಕಾಯುತ್ತಾ? ಹುಳಿ ಬಂದ್ಬಿಡುತ್ತೆ.’

‘ಬರ್ಲಿ’ ಎಂದಳು ಅಕ್ಕ. ‘ಅಷ್ಟೂ ಚರಂಡಿಗೆ ಸುರೀತೀನಿ. ಆದ್ರೆ ಮುಂದ್ಗಡೆ ಚರಂಡಿಗೇ ಸುರೀತೀನಿ, ಎಲ್ರೂ ನೋಡ್ಲಿ. ತಿನ್ನೋಕೆ ನನ್ ಕೈ ಬೇಕು, ಹೇಳೋಕೆ ಬಾಯಿ ಬರಲ್ವಾ ಇವರ್ಗೆ?’

ನಾನು ಓಡಿ ಬಂದು ಅಮ್ಮನಿಗೆ ಎಲ್ಲ ಹೇಳಿದೆ, ನಲ್ಲಿಯ ಹತ್ತಿರದ ಮಾತನ್ನೂ ಸೇರಿಸಿ. ಅಮ್ಮ ಒಲೆಯ ಮುಂದೆ ನಿಂತು ಕೇಳಿಸಿಕೊಂಡಳು. ಕಾವಲಿ ಒಲೆಯ ಮೇಲೆ ಆಗಲೇ ಏರಿತ್ತು, ಅದನ್ನು ಇಳಿಸಿದಳು. ತನ್ನ ಭುಜವನ್ನು ಒಂದು ಸಲ ಒತ್ತಿಕೊಂಡಳು. ಆಮೇಲೆ ನನ್ನ ಕೈಯಿಂದ ತಪ್ಪಲೆ ತೆಗೆದುಕೊಂಡು, ಮುಚ್ಚಿದ್ದ ಬಟ್ಟೆಯನ್ನು ಎಳೆದು ನನ್ನ ಹೆಗಲ ಮೇಲೆ ಎಸೆದು, ಮುಂದಿನ ಬಾಗಿಲ ಕಡೆಗೆ ನಡೆದಳು.

ವರಾಂಡದಲ್ಲಿ ಅಜ್ಜಿಯ ಜಪಮಣಿ ನಿಂತಿತು.

‘ಎಲ್ಲಿಗೆ?’

‘ಹಿಟ್ಟು ತರೋಕೆ.’

‘ಯಾವ ಹಿಟ್ಟು?’

‘ಇಷ್ಟು ದಿವ್ಸ ನೀವು ತಿಂತಿದ್ರಲ್ಲ, ಅದೇ ಹಿಟ್ಟು’ ಎಂದಳು ಅಮ್ಮ.

ಅಮ್ಮ ಅತ್ತೆಗೆ ಎದುರು ಮಾತಾಡಿದ್ದನ್ನು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ. ಅವಳ ದನಿ ಏರಿರಲಿಲ್ಲ. ನಾನು ಹಿಂದೆಯೇ ಹೋದೆ. ಅಮ್ಮ ರಸ್ತೆಯ ಅಂಚು ಹಿಡಿಯಲಿಲ್ಲ, ನಟ್ಟನಡುವೆ ನಡೆದಳು. ಕಿಟಕಿಗಳಲ್ಲಿ ಮುಖಗಳು ಬಂದವು. ಎದುರು ಮನೆಯವರು ರಂಗೋಲಿ ಡಬ್ಬಿ ಹಿಡಿದು ಗೇಟಿನಲ್ಲೇ ನಿಂತಿದ್ದರು. ‘ಏನ್ರೀ, ಈ ಹೊತ್ತಲ್ಲಿ?’ ಎಂದರು. ‘ಹಿಟ್ಟಿಗೆ ಹೊರಟೆ. ನೀವೂ ಬರ್ತೀರಾ?’ ಎಂದು ಅಮ್ಮ ಕೇಳಿದಳು. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಕ್ಕ ನಮ್ಮನ್ನು ನೋಡಿ ಎದ್ದು ನಿಂತಳು. ತಪ್ಪಲೆ ಇಸಿದುಕೊಂಡು, ಅಂಚಿನವರೆಗೆ ಹಿಟ್ಟು ಸುರಿದಳು. ಆಮೇಲೆ ನನ್ನ ಹೆಗಲ ಮೇಲಿದ್ದ ಬಟ್ಟೆ ಕಣ್ಣಿಗೆ ಬಿತ್ತು. ‘ಇನ್ನು ಇದು ನಿಮಗೆ ಬೇಡ ಅಲ್ವಾಮ್ಮಾ?’ ಎಂದು ಅದನ್ನು ಎಳೆದುಕೊಂಡು, ಗ್ರೈಂಡರಿನ ಬಾಯಿಯನ್ನು ಅದರಿಂದಲೇ ಚೆನ್ನಾಗಿ ಒರೆಸಿದಳು. ಅಮ್ಮ ನಕ್ಕಳು. ಅಕ್ಕನೂ ನಕ್ಕಳು, ಕಣ್ಣು ಮಾತ್ರ ಒದ್ದೆಯಾಗಿತ್ತು. ವಾಪಸ್ಸು ಬರುವಾಗ ಅಮ್ಮ ಬೇಕೆಂದೇ ನಿಧಾನ ಮಾಡಿದಳು. ತೆರೆದ ತಪ್ಪಲೆಯ ಬಿಳಿ ಹಿಟ್ಟು ಇಡೀ ಸಾಲಿಗೆ ಕಾಣಿಸಿತು.

ದೀಪ ಹಚ್ಚುವ ಹೊತ್ತಿಗೆ ಸಾಹುಕಾರರ ಸೊಸೆ ಮುಂದಿನ ರಸ್ತೆಯಲ್ಲಿ ಹೋದರು. ಅವರ ಹಿಂದೆ ಮೇಷ್ಟ್ರೇ ಪಾತ್ರೆ ಹಿಡಿದು ಹೋದರು, ಹೆಂಡತಿಯನ್ನು ಕಳಿಸುವ ಧೈರ್ಯವಾಗದೆ. ಎಲ್ಲರೂ ಬಂದುಬಿಟ್ಟರು ಎಂದು ಹೇಳಿದರೆ ಸುಳ್ಳಾಗುತ್ತದೆ. ಎದುರು ಮನೆಯವರು ಆಮೇಲೆ ಬರಲೇ ಇಲ್ಲ, ಶನಿವಾರ ಉಪ್ಪಿಟ್ಟಿಗೆ ಬದಲಾದರು. ಅಂದು ಮಿಕ್ಕ ಹಿಟ್ಟನ್ನು ಅಕ್ಕ ಭಾನುವಾರ ಬೆಳಿಗ್ಗೆ ಇಡ್ಲಿ ಬೇಯಿಸಿ, ಪಾಳಿ ಮುಗಿಸಿ ಬರುವವರಿಗೆ ಕಾರ್ಖಾನೆ ಗೇಟಿನಾಚೆ ನಿಂತು ಮಾರಿದಳು. ಮುಂದಿನ ವಾರಕ್ಕೆ ಕಾಳು ಬಂತು.

ನಮ್ಮ ಅಜ್ಜಿ ಆ ರಾತ್ರಿ ಅವಲಕ್ಕಿ ತಿಂದರು, ಅಮ್ಮನ ಜೊತೆ ಮಾತು ಬಿಟ್ಟರು. ಅಮ್ಮ ಮಾತ್ರ ಪ್ರತಿ ಶನಿವಾರ ದೋಸೆ ಮಾಡಿ ತಟ್ಟೆ ಮುಂದಿಡುವುದನ್ನು ಬಿಡಲಿಲ್ಲ. ಕೆಲವು ವಾರಗಳಾದ ಮೇಲೆ ಒಂದು ಶನಿವಾರ ಅಜ್ಜಿ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು. ಒಂದು ಚೂರು ಬಾಯಿಗೆ ಹಾಕಿಕೊಂಡು, ‘ಹುಳಿ ಸ್ವಲ್ಪ ಮುಂದಾಗಿದೆ. ಅವಳಿಗೆ ಹೇಳು’ ಎಂದರು. ನಾನು ಹೋಗಿ ಹೇಳಿದೆ. ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು, ‘ಓಹೋ! ಹಿಂದ್ಗಡೆ ಬಂದಾಗ ಹುಳಿ ಗೊತ್ತಾಗ್ತಿರ್ಲಿಲ್ವಂತಾ ನಿಮ್ಮಜ್ಜಿಗೆ?’ ಎಂದಳು. ಮುಂದಿನ ವಾರ ಹುಳಿ ಸರಿಯಾಗಿತ್ತು.

ಈಗ ಯೋಚಿಸುತ್ತೇನೆ. ಆ ಶನಿವಾರ ಹಿಟ್ಟಿನ ಬೆಲೆ ಬದಲಾಗಿರಲಿಲ್ಲ. ಯಾರ ಸಂಬಳವೂ ಏರಿರಲಿಲ್ಲ. ಹೊಸಬರು ಊರಿಗೆ ಬಂದಿರಲಿಲ್ಲ. ರುಚಿಯಂತೂ ಅದೇ. ನನ್ನ ಪುಸ್ತಕದ ಎಲ್ಲ ಅಂಶಗಳೂ ಸ್ಥಿರವಾಗಿದ್ದ ಒಂದೇ ಒಂದು ದಿನ ಅದು ಇರಬೇಕು. ಆದರೂ ಮುಂದಿನ ಬಾಗಿಲಲ್ಲಿ ಬೇಡಿಕೆ ಹುಟ್ಟಿತು. ಒಬ್ಬಳು ಬೀಗ ಹಾಕಿದ್ದರಿಂದ, ಇನ್ನೊಬ್ಬಳು ಮುಚ್ಚಿದ ಬಟ್ಟೆ ಎಸೆದದ್ದರಿಂದ. ‘ಇದೆಲ್ಲ ಸಿಲಬಸ್ಸಿನಲ್ಲಿ ಇಲ್ಲ ಮೇಡಂ’ ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಕೆಣಕುತ್ತಾರೆ. ಇಲ್ಲದಿದ್ದರೆ ಬೇಡ, ಊರಿನಲ್ಲಿ ಇದೆ. ನಾನು ಪ್ರತಿ ವರ್ಷ ಹೇಳಿಯೇ ಹೇಳುತ್ತೇನೆ.

ಅದೆಲ್ಲ ಆಗಿ ಕೆಲವು ವರ್ಷಗಳ ಮೇಲೆ ಶಿವಮೊಗ್ಗದಿಂದ ಒಬ್ಬ ಮನುಷ್ಯ ಸ್ಕೂಟರಿನಲ್ಲಿ ಅಕ್ಕನ ಮನೆಗೆ ಬಂದ. ಹಿಟ್ಟನ್ನು ಪ್ಯಾಕೆಟ್ ಮಾಡಿ ಅಂಗಡಿಗಳಿಗೆ ಹಾಕುವ ಯೋಜನೆ ಅವನದು. ನಾನು ರಜೆಗೆ ಮನೆಗೆ ಬಂದಿದ್ದೆ, ಅಕ್ಕನ ಮೆಟ್ಟಿಲ ಮೇಲೆ ಕೂತಿದ್ದೆ. ಹಿಟ್ಟು ಬಾಯಿಗೆ ಹಾಕಿಕೊಂಡು ನೋಡಿ ಅವನು ಬಹಳ ಹೊಗಳಿದ. ಎಷ್ಟು ರುಬ್ಬಿದರೂ ಕೊಳ್ಳುತ್ತೇನೆ ಎಂದ. ಆಮೇಲೆ ಚೀಲದಿಂದ ಒಂದು ಮಾದರಿ ಕವರು ತೆಗೆದ. ಅದರ ಮೇಲೆ ಕಚ್ಚೆ ಸೀರೆಯ ಅಜ್ಜಿ.

‘ಇದ್ಯಾರಪ್ಪಾ?’ ಎಂದಳು ಅಕ್ಕ.

‘ಯಾರೂ ಅಲ್ಲಮ್ಮ, ಸುಮ್ನೆ ಚಿತ್ರ. ಹಿಂಗಿದ್ರೆ ಹೋಗುತ್ತೆ. ಜನಕ್ಕೆ ಏನ್ ಬೇಕೋ ಅದನ್ನ ಕೊಡ್ಬೇಕಲ್ವಾ?’

‘ಜನಕ್ಕೆ ಬೇಕಾಗಿರೋದು ಹಿಟ್ಟು. ಈ ಮುಖಾನೂ ಬೇಕೂಂತ ಹೇಳ್ಕೊಡ್ತಾ ಇರೋನು ನೀನು’ ಎಂದಳು ಅಕ್ಕ. ‘ನನ್ ಹಿಟ್ಟಾ? ನನ್ ಮುಖ ಹಾಕು. ಮೂಗ್ಬೊಟ್ಟು ಎರಡೂ ಕಾಣ್ಬೇಕು. ಆಗಲ್ವಾ? ಕಾಫಿ ಕುಡ್ಕೊಂಡು ಹೊರಡು.’

ಅವನು ಕಾಫಿ ಕುಡಿದು ಹೊರಟ. ಗಂಡ ಎರಡು ದಿನ ಮಾತು ಬಿಟ್ಟ. ಅಂಥ ಅವಕಾಶ ಮತ್ತೆ ಬರಲಿಲ್ಲ ಎಂಬುದೂ ನಿಜ. ಹಟದಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರು ಇದ್ದಾರೆ, ನನಗೆ ಅವರ ಮೇಲೆ ಸಿಟ್ಟಿಲ್ಲ. ಆದರೆ ಜನರ ಅಭಿರುಚಿ ತಾನಾಗಿಯೇ ಮಳೆ ಬಿಸಿಲಿನ ಹಾಗೆ ಬದಲಾಗುತ್ತದೆ ಎಂದು ಯಾರಾದರೂ ಹೇಳಿದರೆ ಮಾತ್ರ ನಾನು ಒಪ್ಪುವುದಿಲ್ಲ. ಅದನ್ನು ಬದಲಾಯಿಸುವವರು ಇರುತ್ತಾರೆ. ಸ್ಕೂಟರಿನಲ್ಲಿ ಕವರು ತಂದವನು ಒಂದು ಕಡೆಗೆ ಎಳೆದ, ತಪ್ಪಲೆ ಹಿಡಿದು ರಸ್ತೆ ನಡುವೆ ನಡೆದವಳು ಇನ್ನೊಂದು ಕಡೆಗೆ ಎಳೆದಿದ್ದಳು. ನಾನು ಯಾರ ಕಡೆ ಎಂಬುದನ್ನು ಮುಚ್ಚಿಡುವ ದರ್ದು ನನಗಿಲ್ಲ.

ಅಕ್ಕನನ್ನು ಸೋಲಿಸಿದ್ದು ಆ ಕವರಲ್ಲ. ಕಾರ್ಖಾನೆಯ ಕೆಲಸ ವರ್ಷದಿಂದ ವರ್ಷಕ್ಕೆ ಕರಗಿತು, ಒಂದೊಂದೇ ಮನೆ ಖಾಲಿಯಾಯಿತು. ಅಪ್ಪನ ನಿವೃತ್ತಿಯಾಗಿ ನಾವೂ ಶಿವಮೊಗ್ಗಕ್ಕೆ ಬಂದೆವು. ಅವಳ ಹಿಟ್ಟು ಕೊನೆಯವರೆಗೂ ಹಾಗೆಯೇ ಇತ್ತು, ತಿನ್ನುವವರು ಊರು ಬಿಟ್ಟಿದ್ದರು. ಅದಕ್ಕೆ ಯಾವ ಹಟವೂ ಮದ್ದಲ್ಲ... ಅಮ್ಮ ಇರುವಷ್ಟು ದಿನ, ಹೋಗಿ ಅವಳನ್ನು ನೋಡಿಕೊಂಡು ಬರೋಣ ಎನ್ನುತ್ತಿದ್ದಳು. ಹೋಗುವುದು ಆಗಲೇ ಇಲ್ಲ, ಅಮ್ಮ ತೀರಿಹೋದಳು.

ಪ್ಯಾಕೆಟ್ ಒಡೆದ ಮರುದಿನವೇ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ನಮ್ಮ ಸಾಲಿನಲ್ಲಿ ಗಿಡಗಂಟಿ ಆಳೆತ್ತರಕ್ಕೆ ಬೆಳೆದಿತ್ತು. ಮೂಲೆಯ ಟೀ ಅಂಗಡಿಯ ತೆಲುಗು ಮುದುಕರು ಕಣ್ಣು ಕಿರಿದು ಮಾಡಿ ನನ್ನ ಗುರುತು ಹಿಡಿದರು. ‘ಹಿಟ್ಟಿನಕ್ಕಾನಾ? ಹೋಗ್ಬಿಟ್ಳಲ್ಲಮ್ಮ. ನಿಮಗ್ಯಾರೂ ಹೇಳ್ಲಿಲ್ವಾ? ಗಿರಾಕಿ ಇರ್ಲಿ ಬಿಡ್ಲಿ, ಸಾಯಂಕಾಲ ಆದ್ರೆ ಮುಂದ್ಗಡೆ ಮೆಟ್ಲ ಮೇಲೇ ಕೂತಿರೋಳು’ ಎಂದರು. ಹೇಳಬೇಕಾದವರೆಲ್ಲ ಊರು ಬಿಟ್ಟಿದ್ದರು, ಯಾರು ಹೇಳುತ್ತಾರೆ? ಟೀ ಲೋಟ ಹಾಗೆಯೇ ಇಟ್ಟು, ಅಲ್ಲಿಯೇ ಅತ್ತೆ.

ಆಮೇಲೆ ಸಂದಿಗೆ ಹೋದೆ. ನುಗ್ಗೆ ಮರ ಇರಲಿಲ್ಲ. ಕೊನೆಯ ಮನೆಯ ಹಿಂದಿನ ಬಾಗಿಲಿಗೆ ಬೀಗ ಹಾಗೆಯೇ ಇತ್ತು, ತುಕ್ಕು ಹಿಡಿದು ಬಾಗಿಲಿಗೇ ಅಂಟಿಕೊಂಡಿತ್ತು. ಬಾಗಿಲ ಪಕ್ಕದ ಗೋಡೆ ಕುಸಿದು, ಒಬ್ಬರು ಸುಲಭವಾಗಿ ನುಸುಳಿ ಹೋಗುವಷ್ಟು ಕಿಂಡಿಯಾಗಿತ್ತು. ಒಳಗೆ ಗ್ರೈಂಡರ್ ಕೂರಿಸಿದ್ದ ಸಿಮೆಂಟಿನ ಕಟ್ಟೆ, ಅದರಾಚೆ ಹಾರುಹೊಡೆದ ಮುಂದಿನ ಬಾಗಿಲು ಕಾಣುತ್ತಿದ್ದವು.

ನಾನು ನುಸುಳಲಿಲ್ಲ. ಇಡೀ ಸಾಲು ಸುತ್ತಿ, ಗಿಡಗಂಟಿ ಸರಿಸಿಕೊಂಡು, ಮುಂದಿನ ಮೆಟ್ಟಿಲು ಹತ್ತಿ ಒಳಗೆ ಹೋದೆ.